ಕುಣಿಯ ನಡುವಿನ ಸಾಕ್ಷಿ

“ಏ ರುದ್ರಿ, ಬೋಸುಡಿ, ಅದೇನ್ ನಿಮ್ಮವ್ವನ ಗೋರಿ ಏನ? ಹಾಕ ಗುದ್ದಲಿ.”

ಹೀಗೆ ನನ್ನನ್ನು ಬೈದವನು ಕೆಲಸ ಮಾಡಿಸುವ ಕಮಲಾಕರ ಸಾಹೇಬ, ಧಾರವಾಡದವನು. ಗೋವಾದಲ್ಲಿ ಇಷ್ಟು ವರ್ಷ ಕೊಂಕಣಿಯಲ್ಲಿ ಬೈಸಿಕೊಂಡ ಕಿವಿಗೆ ಕನ್ನಡದ ಬೈಗುಳ ಬಿತ್ತಲ್ಲ, ಪುಣ್ಯ! ವಾಳಪೈ ಆಚೆಯ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುವುದಿತ್ತು. ಅದರ ಬುಡಕ್ಕೆ ಕುಣಿ ತೋಡಲು ವಡ್ಡರಾದ ನಮ್ಮನ್ನು ಚಿಂಬಲ್‌ನಿಂದ ಲಾರಿಯಲ್ಲಿ ತುಂಬಿ ತಂದಿದ್ದರು. ಗಾಳಿಯ ಕರೆಂಟು ಶುದ್ಧವಂತೆ, ಹೊಗೆಯಿಲ್ಲ, ಮಸಿಯಿಲ್ಲವಂತೆ. ನಮ್ಮ ಜೋಪಡಿಗೆ ಹೊಲಸು ಕರೆಂಟೂ ಬಂದಿರಲಿಲ್ಲ.

ಕುಣಿಗೆಂದು ಎಳೆದ ಸುಣ್ಣದ ಗೆರೆಯೊಳಗೆ ಒಂದು ಹುತ್ತವಿತ್ತು. ಗುಡ್ಡ ಅಲ್ಲಿನ ಮೂಲದ ಜನ ಗಾವಡರದು, ಮುತ್ತಜ್ಜರ ಕಾಲದಿಂದ ಅಲ್ಲಿ ನಾಚಣಿ, ನಮ್ಮ ರಾಗಿ, ಬೆಳೆದವರು. ಕಾಗದವಿಲ್ಲವೆಂದು ಸರ್ಕಾರ ತಂತಿಬೇಲಿ ಹಾಕಿತ್ತು. ಗಾವಡರ ಮುದುಕಿ ಶೆವಂತಿ ದಿನಾ ಬೇಲಿ ನುಸುಳಿ ಬಂದು ಹುತ್ತದ ಸುತ್ತ ಗುಡಿಸಿ ಹೂವಿಡುತ್ತಿದ್ದಳು. ಆ ಹುತ್ತವೇ ಅವರ ದೇವಿ, ಅವರ ತಾಯಿ. ಅದೂ ಹೋದರೆ ಈ ಗುಡ್ಡದಲ್ಲಿ ತಮ್ಮದೆನ್ನಲು ಏನೂ ಉಳಿಯದೆಂದು ನನ್ನ ಕೈ ಹಿಡಿದು ಅತ್ತಳು. ನಾವೂ ಹುತ್ತಕ್ಕೆ ಹಾಲೆರೆಯುವವರೇ. ಸಾಹೇಬನೇನು ಕಡಿಮೆಯೇ? ಹೋದ ನಾಗರಪಂಚಮಿಗೆ, ಇವನದೇ ಇನ್ನೊಂದು ಕೆಲಸದಲ್ಲಿದ್ದಾಗ, ಅವನ ಹೆಂಡತಿ ಪದ್ಮಾಬಾಯಿಗೆ ಹುತ್ತ ಹುಡುಕಿ, ಮುಳ್ಳು ಕಡಿದು ದಾರಿ ಮಾಡಿಕೊಟ್ಟವಳು ನಾನು. ಇವನು ಮಡಿಯುಟ್ಟು ನಿಂತು ಗಲ್ಲಗಲ್ಲ ಬಡಿದುಕೊಂಡಿದ್ದ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ನನ್ನ ಗಂಡ ತಿಪ್ಪಣ್ಣ ಗುದ್ದಲಿ ಎತ್ತಿಕೊಂಡ. ಕುಣಿ ತೋಡುವಾಗ ನಾವು ನಡುವೆ ಒಂದು ಮಣ್ಣಿನ ಕಂಬ ಬಿಡುತ್ತೇವೆ. ಎಷ್ಟು ಆಳ ತೋಡಿದೆವು ಎಂಬುದಕ್ಕೆ ಅದೇ ಸಾಕ್ಷಿ. ಸಾಹೇಬರು ಅಳತೆ ಹಿಡಿಯುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ. ತಿಪ್ಪಣ್ಣ ಗುದ್ದಲಿಯ ತುದಿಯಿಂದ ಹುತ್ತದ ಸುತ್ತ ಗೆರೆ ಎಳೆದ. ನಮ್ಮವರಿಗೆಲ್ಲ ತಿಳಿಯಿತು; ಸಾಹೇಬ ಕೇಳಿದಾಗ, ಅದು ಸಾಕ್ಷಿ, ಅಳತೆ ಆಗಲಿ ಎಂದೆವು.

ಆರನೆಯ ದಿನ ಪೂಜೆಗೆಂದು ಕಾರುಗಳಲ್ಲಿ ದೊಡ್ಡವರು ಬಂದರು. ಎರಡಾಳು ಆಳದ ಕುಣಿ, ನಡುವೆ ಕಂಬ, ಕಂಬದ ನೆತ್ತಿಯ ಮೇಲೆ ಹುತ್ತ. ಪೂಜೆ ಮಾಡಿಸಲು ಬಂದ ಭಟ್ಟರು ಅಭ್ಯಾಸಬಲದಿಂದ ಕೈಮುಗಿದೇಬಿಟ್ಟರು. ಸಾಹೇಬನ ಮುಖ ಇಂಗು ತಿಂದ ಮಂಗನಂತಾಯಿತು. ಪೂಜೆಗೆಂದು ಬೂಟು ಬಿಟ್ಟಿದ್ದವನು ಬರಿಗಾಲಲ್ಲೇ ಏಣಿಯಿಳಿದು ಗಡಿಬಿಡಿಯಲ್ಲಿ ಅಳತೆ ಹಿಡಿದ.

“ಅಳತಿ ಮುಗೀತು. ಈಗ ಕಡೀರಲೇ, ಬೋಳಿಮಕ್ಕಳ್ರಾ.”

ಯಾರೂ ಇಳಿಯಲಿಲ್ಲ. ನಾನು ಒಂದು ಗುದ್ದಲಿಗೆ ಹಗ್ಗ ಕಟ್ಟಿ ಅವನ ಕೈಗೆಟಕುವಂತೆ ಇಳಿಬಿಟ್ಟೆ.

“ಸಾಕ್ಷಿ ಬಿಡೂದು ನಮ್ಮ ಕೆಲಸರಿ. ಬಿಟ್ಟೇವಿ. ಕಡಿಯೂದು ನೀವ ಕಡೀರಿ. ಬರೇ ಮಣ್ಣ ಐತಲ್ರಿ.”

ಗುದ್ದಲಿ ಹಿಡಿದು ಅವನು ಮೇಲೆ ನೋಡಿದ. ದಂಡೆಯ ಮೇಲಿದ್ದ ಪದ್ಮಾಬಾಯಿ, “ಮಕ್ಕಳೊಂದಿಗರು ನಾವು, ಬ್ಯಾಡ್ರಿ” ಎಂದು ಅಳತೊಡಗಿದಳು. ಅಷ್ಟರಲ್ಲಿ ಶೆವಂತಿ ಬೇಲಿ ನುಸುಳಿ ಬಂದಳು. ಅವಳ ಹಿಂದೆ ಊರಿಗೆ ಊರೇ ಬಂದು ಕುಣಿಯ ಸುತ್ತ ಕಾಲು ಇಳಿಬಿಟ್ಟು ಕುಳಿತಿತು.

ತಿಪ್ಪಣ್ಣ ನನ್ನ ಮುಖ ನೋಡಿದ. ಇಬ್ಬರೂ ಸೇರಿ ಏಣಿ ಮೇಲಕ್ಕೆಳೆದುಕೊಂಡೆವು.