ಮೂರು ಪುಸ್ತಕದ ಒಂದು ಪುಸ್ತಕ

ರಟ್ಟಿನಮ್ಮ ಪುಸ್ತಕವನ್ನು ಓದುವುದಕ್ಕೆಂದು ತೆರೆಯಲಿಲ್ಲ. ಎರಡೂ ರಟ್ಟು ಹಿಡಿದು ಹಿಂದಕ್ಕೆ ಬಗ್ಗಿಸಿದಳು. ಅದು ಲಟಕ್ಕೆಂದಿತು.

“ಅಮ್ಮಾ, ಅದು ಮಾರೋ ಪುಸ್ತಕ,” ಎಂದ ಅಂಗಡಿಯವನು.

“ಮಾರೋದಾದ್ರೆ ಗಟ್ಟಿ ಇರ್ಬೇಕಪ್ಪ. ಬರೀ ಅಂಟು, ಹೆಸರಿಗೂ ಹೊಲಿಗೆ ಇಲ್ಲ. ನಾನು ಹೋಗೋ ದೇಶದ ಸೆಕೆಗೆ ಮೂರೇ ದಿನ.”

“ಒಳಗೇನಿದೆ ಅಂತ ನೋಡಿದ್ರಾ?”

“ಬೆನ್ನೇ ಇಲ್ಲದವನ ಮಾತು ಯಾರು ಕೇಳ್ತಾರೆ?”

ಜೊತೆಗೆ ಬಂದಿದ್ದ ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಊರ ಗ್ರಂಥಾಲಯದಲ್ಲಿ ಮೂವತ್ತೆಂಟು ವರ್ಷ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟಿದವಳು ಅವಳು. ಹೆಸರು ಹಿಡಿದು ಕರೆಯುವವರೆಲ್ಲ ಹೋಗಿ ರಟ್ಟಿನಮ್ಮ ಎಂಬುದೊಂದೇ ಉಳಿದಿತ್ತು. ಊರು ಬಿಟ್ಟು ಊರಿಗೆ ಹೋದದ್ದೇ ಅಪರೂಪ. ಈಗ ಸಮುದ್ರ ದಾಟಿ, ವರ್ಷದಲ್ಲಿ ಒಂಬತ್ತು ತಿಂಗಳು ಮಳೆ ಸುರಿಯುವ, ಚಳಿ ಎಂಬುದು ಮಾತಿಗೂ ಸಿಗದ ದೇಶಕ್ಕೆ ಹೊರಟಿದ್ದಳು. ಅಲ್ಲಿ ಅವಳ ತಂಗಿ ಇದ್ದಳು. ಮನೆಯವರಿಗೆ ಗೊತ್ತಿದ್ದದ್ದು ಮೂರು ತಿಂಗಳ ಪ್ರಯಾಣ. ತಂಗಿ ಫೋನಿನಲ್ಲಿ ಹೇಳಿದ್ದು ಬೇರೆ: “ಬಾ ಅಕ್ಕ, ಬಂದು ಇಲ್ಲೇ ಇದ್ದುಬಿಡು. ಇಬ್ರೂ ಗಂಡಂದಿರನ್ನ ಮೇಲಕ್ಕೆ ಕಳಿಸಿ ಕೂತಿದೀವಿ. ಜಗಳ ಆಡೋಕಾದ್ರೂ ಒಬ್ರು ಬೇಡ್ವಾ?” ರಟ್ಟಿನಮ್ಮ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮಗನಿಗೂ ಸೊಸೆಗೂ ಬಾಯಿ ಬಿಡಲಿಲ್ಲ. ಒಂದು ತಿಂಗಳಿಂದ ಆ ಮಾತು ಅವಳ ಹೊಟ್ಟೆಯಲ್ಲಿ ನುಂಗಿದ ಬೀಜದ ಹಾಗೆ ಕೂತಿತ್ತು.

ಅಂಗಡಿಯವನು ಬಣ್ಣಬಣ್ಣದ ಚಿತ್ರಗಳ ದಪ್ಪ ಪುಸ್ತಕವೊಂದನ್ನು ಮುಂದಿಟ್ಟ. ಕಡಲು, ಹಸಿರು, ನಗುವ ಮುಖಗಳು. ಆಕೆ ಮೊದಲಿಂದ ಕೊನೆಯವರೆಗೆ ಮಗುಚಿ ಹಿಂದಕ್ಕೆ ತಳ್ಳಿದಳು.

“ಇದರಲ್ಲಿ ಒಂದು ಸೊಳ್ಳೆನೂ ಇಲ್ಲ. ಬರೆದವನು ಅಲ್ಲಿಗೆ ಹೋಗಿಲ್ಲ ಬಿಡು.”

ಕೊನೆಗೆ ಮೂರು ಉಳಿದವು. ಒಂದರಲ್ಲಿ ನಕ್ಷೆಗಳು ಚೆನ್ನಾಗಿದ್ದವು. ಇನ್ನೊಂದಕ್ಕೆ ಜ್ವರ, ಹಾವು, ಕುಡಿಯುವ ನೀರು ಇವೆಲ್ಲ ಗೊತ್ತಿತ್ತು. ಮೂರನೆಯದು ಆ ದೇಶದ ಮಾತು ಕಲಿಸುತ್ತಿತ್ತು. ಯಾವುದನ್ನು ಬಿಡುವುದು ಎಂದು ಸೊಸೆ ತಲೆ ಕೆರೆದುಕೊಳ್ಳುತ್ತಿರುವಾಗ ರಟ್ಟಿನಮ್ಮ ಮೂರನ್ನೂ ಕಂಕುಳಿಗೆ ಸೇರಿಸಿದಳು.

“ಮೂರನ್ನೂ ಹೊತ್ಕೊಂಡು ಹೋಗ್ತೀರಾ ಅತ್ತೆ?”

“ಒಂದನ್ನೇ ಹೊರ್ತೀನಿ, ನೋಡ್ತಿರು.”

ಮರುದಿನ ಬೆಳಿಗ್ಗೆ ಕಿಟಕಿ ಪಕ್ಕದ ಮೇಜಿನ ಮೇಲೆ ಮೂರೂ ಪುಸ್ತಕಗಳು ಮೈ ಬಿಚ್ಚಿದವು. ಚಾಕುವಿನಿಂದ ಅಂಟು ಹೆರೆದು ಹಾಳೆಗಳನ್ನು ಒಂದೊಂದಾಗಿ ಬಿಡಿಸಿದಳು. ಬೇಕಾದದ್ದು ಬಲಕ್ಕೆ, ಬೇಡದ್ದು ಕೆಳಗಿನ ಬುಟ್ಟಿಗೆ. ಹೋಟೆಲುಗಳು ಬುಟ್ಟಿಗೆ, ಕುಣಿತದ ಮನೆಗಳು ಬುಟ್ಟಿಗೆ, ಬೆಟ್ಟ ಹತ್ತುವ ಸಾಹಸ ಬುಟ್ಟಿಗೆ. ಉಳಿದ ಹಾಳೆಗಳನ್ನು ಪ್ರಯಾಣದ ಕ್ರಮದಲ್ಲೇ ಜೋಡಿಸಿದಳು: ವಿಮಾನ ಇಳಿಯುವುದು, ಬಸ್ಸು ಹಿಡಿಯುವುದು, ತಂಗಿಯ ಊರು, ಜ್ವರ ಬಂದರೆ, ದಾರಿ ತಪ್ಪಿದರೆ. ಒಲೆಯ ಮೇಲೆ ಮೈದಾ ಅಂಟು ಕುದಿಯುತ್ತಿತ್ತು. ಹುಳ ಹಿಡಿಯದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕಿದಳು.

ಸೊಸೆ ಮಗ್ಗುಲಲ್ಲಿ ಕೂತು ಪೆಟ್ಟಿಗೆಗೆ ತೆಳು ಬಟ್ಟೆ, ಮಾತ್ರೆ, ಸೊಳ್ಳೆಯ ಮುಲಾಮು ಇಡುತ್ತಿದ್ದಳು. ಕೈ ಬಿಡುವಾದಾಗ ಜೋಡಿಸಿಟ್ಟ ಕಟ್ಟನ್ನು ಎತ್ತಿಕೊಂಡು ಮಗುಚಿದಳು. ಕೊನೆಗೆ ಬಂದು ಮತ್ತೆ ಹಿಂದಕ್ಕೆ ಹೋದಳು.

“ಅತ್ತೆ, ವಾಪಸ್ ಬರೋದು ಎಲ್ಲಿ?”

“ಏನು?”

“ಹೊರಡೋ ದಿನ ಎಷ್ಟು ಗಂಟೆ ಮುಂಚೆ ಹೋಗ್ಬೇಕು, ಯಾವ ಕಾಗದ ತೋರಿಸ್ಬೇಕು... ಅಂಗಡೀಲಿ ನೋಡಿದ್ದೆ, ಪುಸ್ತಕದ ಕೊನೇಲಿತ್ತು.”

“ಬಿಟ್ಟುಹೋಗಿರ್ಬೇಕು.”

“ಮೂರರದ್ದೂನಾ?”

ರಟ್ಟಿನಮ್ಮ ಅಂಟು ತಿರುವುವುದನ್ನು ನಿಲ್ಲಿಸಿದಳು. ಪುಟ ಎಣಿಸದೆ ಸೂಜಿ ಹಿಡಿದವಳಲ್ಲ ಅವಳು. ಯಾರೋ ಹರಿದುಕೊಂಡು ಹೋದ ಒಂದು ಹಾಳೆಗಾಗಿ ಇಡೀ ಗ್ರಂಥಾಲಯವನ್ನು ತಲೆಕೆಳಗು ಮಾಡಿದ್ದಳು ಒಮ್ಮೆ. ಮೇಜಿನ ಬಳಿ ಬಂದು ಕೂತು ಬುಟ್ಟಿಯೊಳಗೆ ನೋಡಿದಳು. ಕುಣಿತದ ಮನೆಗಳ ಕೆಳಗೆ, ಮೂರೂ ಪುಸ್ತಕದ ಕೊನೆಯ ಹಾಳೆಗಳು ಮಡಿಕೆ ಬೀಳದೆ ಒಂದರ ಮೇಲೊಂದು ಇದ್ದವು.

“ಚಿಕ್ಕಮ್ಮ ಏನಾದ್ರೂ ಅಂದ್ರಾ?” ಸೊಸೆಯ ದನಿ ಸಣ್ಣದಾಗಿತ್ತು.

“ಇಲ್ಲೇ ಇದ್ದುಬಿಡು ಅಂದ್ಲು.”

“ನೀವೇನಂದ್ರಿ?”

“ನಾನು ಏನೂ ಅನ್ನಲಿಲ್ಲ ಕಣೆ. ಈ ಕೈ ಅಂದುಬಿಟ್ಟಿದೆ ನೋಡು.”

ಸೊಸೆ ಪೆಟ್ಟಿಗೆಯೊಳಗಿನ ಬಟ್ಟೆಯನ್ನು ತೆಗೆದು, ಮಡಚಿದ್ದನ್ನೇ ಮತ್ತೆ ಮಡಚಿ ಇಟ್ಟಳು.

“ನಾನು ಸಾರಿಗೆ ಉಪ್ಪು ಜಾಸ್ತಿ ಹಾಕ್ತೀನಿ ಅಂತಾನಾ?”

“ಉಪ್ಪಿಗೆ ಯಾರಾದ್ರೂ ದೇಶ ಬಿಡ್ತಾರೇನೇ, ಹುಚ್ಚಿ?”

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು. ಒಲೆಯ ಮೇಲೆ ಅಂಟು ತಳ ಹಿಡಿಯುವ ವಾಸನೆ ಬಂತು. ರಟ್ಟಿನಮ್ಮ ಎದ್ದು ಉರಿ ಆರಿಸಿದಳು. ತಿರುಗಿ ಬರುವಷ್ಟರಲ್ಲಿ ಸೊಸೆ ಬುಟ್ಟಿಯಿಂದ ಆ ಹಾಳೆಗಳನ್ನು ತೆಗೆದು, ಅಂಗೈಯಿಂದ ಧೂಳು ಒರೆಸಿ, ಮೇಜಿನ ಮೇಲಿಟ್ಟಿದ್ದಳು. ಜೋಡಿಸಿಟ್ಟ ಕಟ್ಟಿನೊಳಗೆ ಸೇರಿಸಿರಲಿಲ್ಲ.

“ಹೊಲೀರಿ ಅಂತ ನಾನು ಹೇಳಲ್ಲ ಅತ್ತೆ. ನಿಮ್ಮ ಪುಸ್ತಕ.”

ರಟ್ಟಿನಮ್ಮ ಕನ್ನಡಕ ಏರಿಸಿ ಹಾಳೆಗಳನ್ನು ಒಂದೊಂದಾಗಿ ನೋಡಿದಳು. ಮೂರು ಪುಸ್ತಕಗಳಲ್ಲಿ ಒಂದರ ಕೊನೆಯ ಭಾಗವನ್ನು ಆರಿಸಿಕೊಂಡಳು, ಅಷ್ಟೇನೂ ದೊಡ್ಡದಲ್ಲ, ನಾಲ್ಕೇ ಹಾಳೆ. ಮೇಜಿಗೆ ಕುಟ್ಟಿ ಅಂಚು ಸಮ ಮಾಡಿದಳು. ದಬ್ಬಳ ತೆಗೆದು ಅಂಚಿನುದ್ದಕ್ಕೂ ಹೊಲಿಗೆಗೆಂದು ಐದು ತೂತು ಹಾಕಿ, ಸೊಸೆಯ ಕೈಗೆ ಕೊಟ್ಟಳು.

“ನಂಗೆ ಕಣ್ಣು ಮಂಜು. ನೇರ ಬಿದ್ದಿದೆಯಾ ನೋಡು.”

ಸೊಸೆ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಹತ್ತಿರದಿಂದ ನೋಡಿದಳು. ಐದು ಸಣ್ಣ ಚುಕ್ಕಿ ಬಿಸಿಲು ಅವಳ ಕೆನ್ನೆಯ ಮೇಲೆ ಸಾಲಾಗಿ ಬಿದ್ದು, ಅವಳು ಉಸಿರಾಡಿದಾಗಲೆಲ್ಲ ಅಲುಗುತ್ತಿದ್ದವು.