ಗದ್ದವೆತ್ತಿ ನಡೆಯುವ ದೇವಕ್ಕ

ದೇವಕ್ಕನ ಗದ್ದ, ಆಳುಗಳು ಕೆಲಸಕ್ಕೆ ಕಾದು ನಿಲ್ಲುವ ಜೋಗೇಶ್ವರಿಯ ಕೂಲಿ ನಾಕಾದಲ್ಲಿ ಹೆಸರುವಾಸಿಯಾದದ್ದು. ಎದುರಿಗಿರುವವನು ಬುಟ್ಟಿ ಹೊರುವ ಆಳಿರಲಿ, ಬಿಲ್ಡಿಂಗ್ ಕಟ್ಟಿಸುವ ಶೇಠನೇ ಇರಲಿ, ಆಕೆ ಗದ್ದವನ್ನು ಮೇಲೆತ್ತಿ, ಹಣೆಯ ತುಂಬ ಗೆರೆ ಮೂಡಿಸಿಕೊಂಡು, ಜೋತುಬಿದ್ದ ರೆಪ್ಪೆಗಳ ಅಡಿಯಿಂದ ಅವನನ್ನು ಅಳೆಯುವವಳಂತೆ ನೋಡುತ್ತಿದ್ದಳು. ನೋಡಿಸಿಕೊಂಡವನಿಗೆ ತಾನೇನೋ ತಪ್ಪು ಮಾಡಿದೆನೆಂಬ ಅಳುಕು ಹುಟ್ಟುತ್ತಿತ್ತು. ಎಲಾ, ಎಂಥ ಗರ್ವ ಈ ಹೆಂಗಸಿಗೆ ಎಂದು ಹೊಸಬರು ಗೊಣಗುವರು. ಗರ್ವ ಎಲ್ಲಿಂದ ಬರಬೇಕು, ಪಾಪ! ಹುಟ್ಟಿನಿಂದಲೇ ಆಕೆಯ ಬಲ ರೆಪ್ಪೆ ಅರ್ಧ ಇಳಿದಿತ್ತು, ಎಡದ್ದು ಪಾಪೆಯನ್ನೇ ಮುಚ್ಚುವಷ್ಟು. ಗದ್ದವೆತ್ತದಿದ್ದರೆ ಎದುರಿಗಿದ್ದವನ ಮುಖ ಕಾಣುವುದು ಹೇಗೆ?

ವಿಜಯಪುರದ ಕಡೆಯಿಂದ ಬಂದು, ಗಂಡ ತೀರಿಕೊಂಡ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತು ಶುರುಮಾಡಿದವಳು, ಈಗ ಸ್ಲ್ಯಾಬ್ ಹಾಕುವ ಒಂದು ಗ್ಯಾಂಗನ್ನೇ ನಡೆಸುವ ಮುಕಾದಮ್. ಗಂಡಸರ ಆ ಪಟ್ಟವನ್ನು ಆಕೆ ಕೇಳಿ ಪಡೆಯಲಿಲ್ಲ, ದುಡಿದು ಕಿತ್ತುಕೊಂಡಳು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಮೇ ತಿಂಗಳ ಬಿಸಿಲಲ್ಲೂ ಕುತ್ತಿಗೆಯ ಗುಂಡಿ ಹಾಕಿದ್ದೇ. ಎಷ್ಟನೆಯ ಮಾಳಿಗೆಯಾದರೂ ಹಲಗೆಯನ್ನು ಕಾಲ ಹೆಬ್ಬೆರಳಿನಿಂದ ತಟ್ಟಿ ನೋಡಿಯೇ ಹೆಜ್ಜೆಯಿಡುವಳು. ಚಹಾದ ಗ್ಲಾಸನ್ನು ಯಾರ ಕೈಯಿಂದಲೂ ತೆಗೆದುಕೊಂಡವಳಲ್ಲ, "ಕೆಳಗಿಡ್ರಿ" ಎನ್ನುವಳು. ಎಡಗಡೆಯಿಂದ ಯಾರಾದರೂ ಸದ್ದಿಲ್ಲದೆ ಬಂದರಂತೂ ಸಿಡಿಮಿಡಿ. "ಎಡಕ್ಕ ಬರಬ್ಯಾಡ್ರಿ, ನನಗ ಆಗಿ ಬರಾಂಗಿಲ್ಲ." ಏನೋ ಶಕುನ ನೋಡುತ್ತಾಳೆ ಎಂದು ಗ್ಯಾಂಗಿನವರು ನಂಬಿ, ಮುಕಾದಮಳ ಬಲಗಡೆಗೇ ನಿಂತು ರೂಢಿ ಮಾಡಿಕೊಂಡಿದ್ದರು.

ಮೊಮ್ಮಗಳು ಸೇವಂತಿ ಹುಟ್ಟಿದಾಗ ಅವಳ ಎಡ ರೆಪ್ಪೆಯೂ ಹಾಗೆಯೇ ಜೋತಿತ್ತು. ಚಾಳಿನವರೆಲ್ಲ ಬಂದು, "ಆಯಿಯ ಕಣ್ಣೇ ಬಂದೈತಿ, ಇದೂ ಮುಕಾದಮ್ ಆಗತೈತಿ" ಎಂದು ದೃಷ್ಟಿ ತೆಗೆದು ಹೋದರು. ಮಗ ಗುರುಪಾದನಿಗೆ ಎಲ್ಲಿಲ್ಲದ ಹಿಗ್ಗು. ಸೊಸೆ ದಾನೇಶ್ವರಿಗೆ ಮಾತ್ರ ಸಮಾಧಾನವಿಲ್ಲ. ಮಗು ನಡೆಯುವಂತಾದ ಮೇಲೆ ಹಟ ಹಿಡಿದು ಎಲ್ಲರನ್ನೂ ಮುನಿಸಿಪಾಲಿಟಿ ಆಸ್ಪತ್ರೆಗೆ ಹೊರಡಿಸಿದಳು.

ಅಲ್ಲಿದ್ದವಳು ಡಾಕ್ಟರ್ ಶ್ರೇಯಾ, ಉಡುಪಿ ಕಡೆಯವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ದಹಿಸರ್. ಕನ್ನಡಕ್ಕೆ ತಡವರಿಸುತ್ತಲೇ ತಿಳಿಸಿ ಹೇಳಿದಳು: "ಕಣ್ಣು ಠೀಕ್ ಉಂಟು. ಆದರೆ ರೆಪ್ಪೆ ಬಂದ್ ಇದ್ದರೆ ದಿಮಾಗ್, ಮೆದುಳು, ನೋಡ್ಲಿಕ್ಕೆ ಕಲಿಯುವುದೇ ಇಲ್ಲ. ಈಗ ಎತ್ತಬೇಕು. ದೊಡ್ಡವಳಾದ ಮೇಲೆ ಎತ್ತಿದರೆ ರೆಪ್ಪೆ ಮೇಲೆ ಬರ್ತದೆ, ಕಣ್ಣಿನ ನಜರ್ ಬರುವುದಿಲ್ಲ."

ಗುರುಪಾದ ಒಪ್ಪಲಿಲ್ಲ. "ಎರಡು ವರ್ಷದ ಕೂಸಿಗೆ ಕತ್ತರಿ ಯಾಕ್ರಿ? ನಮ್ಮವ್ವನ್ನ ನೋಡ್ರಿ. ಇಂಥಾ ಕಣ್ಣಾಗ ಇಪ್ಪತ್ತು ಮಾಳಿಗಿ ಏರಿ ಸ್ಲ್ಯಾಬ್ ಹಾಕಸ್ತಾಳ. ಏನ್ ಕಡಿಮಿ ಆಗೇತಿ ಆಕಿಗೆ?"

ಏನು ಕಡಿಮೆಯಾಗಿದೆಯೆಂಬುದನ್ನು ದೇವಕ್ಕ ಗಂಡನಿಗೂ ಹೇಳಿರಲಿಲ್ಲ. ಹೇಳಿದರೆ ಸುದ್ದಿ ಶೇಠನಿಗೆ ಮುಟ್ಟುವುದು ಖಂಡಿತ. ಮುಟ್ಟಿದರೆ ಮೇಲಿನ ಮಾಳಿಗೆಯೂ ಹೋಯಿತು, ಮುಕಾದಮಿಕೆಯೂ ಹೋಯಿತು. ಹೇಳದಿದ್ದರೆ, ಮಗ ಕೂಸನ್ನೆತ್ತಿಕೊಂಡು ಮನೆಗೆ ಹೊರಡುತ್ತಾನೆ. ಅವನು ಆಗಲೇ ಎದ್ದು ನಿಂತಿದ್ದ.

"ಡಾಕ್ಟರವ್ವ, ನನ್ನ ಬಲಗಣ್ಣ ಮುಚ್ಚು," ಎಂದಳು ದೇವಕ್ಕ. "ಎಡ ರೆಪ್ಪಿ ಬೆರಳಿಂದ ಎತ್ತಿ ಹಿಡಿ. ಗುರುಪಾದ, ನೀ ನನ್ನ ಮುಂದ ಬಾ."

ಶ್ರೇಯಾ ಹಾಗೆಯೇ ಮಾಡಿ, ಏನು ಕಾಣುತ್ತದೆ ಎಂದು ಕೇಳಿದಳು.

"ಬೆಳಕೈತಿ. ಮನಿ ತುಂಬ ಹೊಗಿ ತುಂಬಿದಂಗ ಐತಿ. ನನ್ನ ಮಗನ ಮಾರಿ ಇಲ್ಲ."

ಹಲಗೆ ತಟ್ಟುವ ಹೆಬ್ಬೆರಳು, ಕೆಳಗಿಡಿಸಿದ ಗ್ಲಾಸುಗಳು, ಎಡಗಡೆಯ ಶಕುನ, ಎಲ್ಲವೂ ಗುರುಪಾದನಿಗೆ ಒಮ್ಮೆಗೇ ಅರ್ಥವಾದವು: ಒಂದೇ ಕಣ್ಣಿಗೆ ದೂರ ಹತ್ತಿರದ ಅಳತೆ ಸಿಗುವುದಿಲ್ಲ, ಎಡಗಡೆಯದು ಕಾಣುವುದೂ ಇಲ್ಲ. "ಯಾವಾಗಿಂದವ್ವ?" ಎಂದು ಕೇಳಿದ.

"ಹುಟ್ಟಿದಾಗಿಂದ. ಯಾರರೆ ಕೇಳಿದ್ರ ಹೇಳತಿದ್ದೆ ಅಂತ ಸುಳ್ಳ್ಯಾಕ ಹೇಳ್ಲಿ? ಹೇಳತಿರಲಿಲ್ಲ. ನೀವೆಲ್ಲಾ ಹೊಗಳತಿದ್ರಿ, ಚಲೋ ಅನಸ್ತಿತ್ತು. ಕೂಸಿಂದು ಮಾಡಸು."

ಸುದ್ದಿ ಯಾರೂ ಒಯ್ಯಬೇಕಾಗಲಿಲ್ಲ. ಮರುದಿನ ದೇವಕ್ಕ ತಾನೇ ಹೋಗಿ ಶೇಠನಿಗೆ ಹೇಳಿದಳು. ಹಾಗೆ ಹೇಳುವಾಗಲೂ ಗದ್ದ ಇಳಿದಿರಲಿಲ್ಲ. ಶೇಠ ಹೌಹಾರಿ, "ದೇವಕ್ಕಾ, ಅಬ್ ಊಪರ್ ನಹೀಂ" ಎಂದು ಆಕೆ ಮೇಲೆ ಹತ್ತುವುದನ್ನೇ ನಿಲ್ಲಿಸಿದ. ಮುಕಾದಮಿಕೆ ಗ್ಯಾಂಗಿನಲ್ಲೇ ಇದ್ದ ಮರೆಪ್ಪನ ಪಾಲಾಯಿತು. ಆಕೆಗೆ ಉಳಿದದ್ದು ಕೆಳಗಿನ ಮಿಕ್ಸರಿನ ಕೆಲಸ. ಬೇಸರವಿಲ್ಲವೆಂದು ದೊಡ್ಡತನದ ಮಾತಾಡುವ ಪೈಕಿಯವಳಲ್ಲ ಆಕೆ. "ಮ್ಯಾಲ ನೋಡಿದ್ರ ಹೊಟ್ಟಿ ಉರಿತೈತಿ," ಎಂದು ಗ್ಯಾಂಗಿನವರೆದುರೇ ಅಂದುಬಿಡುವಳು.

ಸೇವಂತಿಯ ರೆಪ್ಪೆಯನ್ನು ಒಳಗಿಂದ ಹಣೆಯ ಸ್ನಾಯುವಿಗೆ ಬಿಗಿದು ಎತ್ತಿದರು. ಮಧ್ಯಾಹ್ನ ಮಲಗಿದಾಗ ಆ ಕಣ್ಣು ತುಸು ತೆರೆದೇ ಇರುವುದನ್ನು ಕಂಡು ಮನೆಯವರು ಗಾಬರಿಯಾದರು. ಅದು ಹಾಗೆಯೇ, ಒಣಗದಂತೆ ಔಷಧ ಬಿಡಿ ಎಂದಳು ಶ್ರೇಯಾ. ಅಸಲು ಪಾಡು ಶುರುವಾದದ್ದು ಆಮೇಲೆ. ಒಳ್ಳೆಯ ಕಣ್ಣಿಗೆ ದಿನವೂ ಕೆಲ ಹೊತ್ತು ಪಟ್ಟಿ ಅಂಟಿಸಿ, ಹಿಂದೆ ಬಿದ್ದ ಕಣ್ಣನ್ನು ದುಡಿಸಬೇಕು. ಮಗು ಪಟ್ಟಿ ಕಿತ್ತೆಸೆದು ಮನೆ ಹಾರಿಹೋಗುವಂತೆ ಅಳುವುದು. ನೋಡಲಾರದೆ ದಾನೇಶ್ವರಿ ಬಾಗಿಲಾಚೆಯ ಗ್ಯಾಲರಿಗೆ ಹೋಗಿ ನಿಲ್ಲುವಳು. ದೇವಕ್ಕ ಮಾತ್ರ ಜಪ್ಪಯ್ಯ ಅಂದರೂ ಜಗ್ಗುವವಳಲ್ಲ. ಕೆಂಪು ಚಾಪೆಯ ಮೇಲೆ ಚುರುಮುರಿ ಚೆಲ್ಲಿ, "ಆರಿಸು ನನ್ನ ಬಂಗಾರ, ಆರಿಸು" ಎಂದು ಕೂರುವಳು. ಮೊದಮೊದಲು ಮಗು ಅಂಗೈಯಿಂದ ಚಾಪೆ ಸವರಿ ಸಿಕ್ಕಿದ್ದನ್ನು ಹಿಡಿಯುತ್ತಿತ್ತು. ಒಂದು ಭಾನುವಾರ, ಅಳು ನಿಲ್ಲಿಸಿ, ದೂರದ ಒಂದೇ ಒಂದು ಕಾಳನ್ನು ದಿಟ್ಟಿಸಿ, ಬೆರಳು ನೇರ ಅಲ್ಲಿಗೇ ಚಾಚಿ, ಎತ್ತಿ ತಂದು ಆಯಿಯ ಬಾಯಿಗೆ ತುರುಕಿತು. ದೇವಕ್ಕ ಕೂತಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಅವ್ವ ಅಳುವುದನ್ನು ಗುರುಪಾದ ಕಂಡದ್ದು ಅದೇ ಮೊದಲು.

ತಾವು ಪಟ್ಟ ಪಾಡನ್ನೇ ಹಿರಿಮೆಯಾಗಿ ಧರಿಸಿಕೊಂಡು, ಮಕ್ಕಳೂ ಅದನ್ನೇ ಹೊತ್ತು ತಿರುಗಲೆಂದು ಬಯಸುವ ಹಿರಿಯರು ಮನೆಮನೆಯಲ್ಲೂ ಸಿಗುತ್ತಾರೆ, ಅವರನ್ನು ಹೊಗಳುವುದಕ್ಕೂ ಜನ ಸಿಗುತ್ತಾರೆ. ಆ ಹೊಗಳಿಕೆಯ ನಡುವೆ ಎದ್ದು ನಿಂತು, ಇದು ಹಿರಿಮೆಯಲ್ಲ, ನನಗೆ ಕಾಣುತ್ತಿರಲಿಲ್ಲ ಅಷ್ಟೆ ಎಂದು ಹೇಳುವ ಎದೆಗಾರಿಕೆಯವರು ಬಹು ವಿರಳ. ಅಂಥವರ ಮೊಮ್ಮಕ್ಕಳು ಅವರನ್ನು ಹೋಲುವುದಿಲ್ಲ. ಹೋಲದಿರುವುದೇ ಆ ಹಿರಿಯರ ಗೆಲುವು.