ಬಿಟ್ಟುಹೋದದ್ದನ್ನು ಹುಡುಕುವವಳು

ಓದಲು ಕೂರುವ ಮುನ್ನ ನಮ್ಮಕ್ಕ ಅಂಗಿಯ ಎರಡೂ ತೋಳುಗಳನ್ನು ಮೊಣಕೈವರೆಗೆ ಮಡಚಿಕೊಳ್ಳುತ್ತಾಳೆ. ಕಂಡವರಿಗೆ ಇವಳು ಪುಸ್ತಕವನ್ನು ತೆರೆಯುತ್ತಾಳೋ, ಅದಕ್ಕೆರಡು ಬಾರಿಸುತ್ತಾಳೋ ಎಂಬ ಸಂದೇಹ ಬರಬೇಕು. ಚಿಕ್ಕಂದಿನಿಂದಲೂ ಅವಳ ಕಣ್ಣೆದುರು ಅಕ್ಷರಗಳು ಸಾಲು ಬಿಟ್ಟು ಅಲೆಯುತ್ತವೆ; ಪುಟದ ಕೊನೆ ಮುಟ್ಟುವಷ್ಟರಲ್ಲಿ ಅದರ ಆರಂಭ ಕೈಜಾರಿರುತ್ತದೆ. ಶಾಲೆಯಲ್ಲಿ ಅವಳಿಗೆ ದಡ್ಡಿ ಎಂಬ ಬಿರುದು, ನನಗೆ ಜಾಣ ಎಂಬುದು. ಎರಡನ್ನೂ ದಯಪಾಲಿಸಿದ ಮೇಷ್ಟ್ರು ಒಬ್ಬರೇ, ಎರಡರಲ್ಲೂ ಎಡವಿದರು.

ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿ ಹಾಸಿಗೆಯ ಹೊದಿಕೆ ಬದಲಿಸಿದವಳು, ನಲವತ್ತಾರನೆಯ ವಯಸ್ಸಿನಲ್ಲಿ ಸಹಾಯಕ ನರ್ಸ್ ಪರೀಕ್ಷೆಗೆ ಹೆಸರು ಕೊಟ್ಟಳು. ಇದ್ದದ್ದು ಎರಡೇ ಅವಕಾಶ. ಪಠ್ಯವೋ ನಾನೂರು ಪುಟ. ಅವಳ ಮಗಳು ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಳು: ಪುಟಗಳ ಫೋಟೋ ತೆಗೆದು ಒಪ್ಪಿಸಿದರೆ ಅದು ಹತ್ತು ಪುಟವನ್ನು ಹತ್ತು ಸಾಲಿಗೆ ಇಳಿಸಿ, ಗಟ್ಟಿಯಾಗಿ ಓದಿಯೂ ಹೇಳುತ್ತದೆ. ಪ್ರಯೋಗಕ್ಕೆಂದು ಅಕ್ಕ ಮೊದಲು ಬಲಿಕೊಟ್ಟದ್ದು ನನ್ನ ಹಾಸ್ಯಪ್ರಬಂಧವನ್ನು.

"ಹನ್ನೆರಡು ಪುಟ ಹಾಕ್ದೆ ಕಣೋ, ಮೂರು ಸಾಲು ಬಂತು."

"ಪರವಾಗಿಲ್ವಲ್ಲೇ ಅಕ್ಕ!"

"ಮೂರನೇದು ಎರಡನೇದನ್ನೇ ಮತ್ತೆ ಹೇಳ್ತಿತ್ತು."

ಮೊದಲ ಸಲ ಆ ಸಾರಾಂಶಗಳನ್ನೇ ಬಾಯಿಪಾಠ ಮಾಡಿ ಹೋದಳು, ಫೇಲಾದಳು. ಒಂದು ಮಾತ್ರೆಯನ್ನು ಊಟದ ನಂತರ ಕೊಡಬೇಕೆಂದು ಆ್ಯಪ್ ಹೇಳಿತ್ತು. ಮೂತ್ರಪಿಂಡ ಕೆಟ್ಟವರಿಗೆ ಕೊಡಲೇಬಾರದೆಂಬ ಮುಂದಿನ ಸಾಲನ್ನು ನುಂಗಿಹಾಕಿತ್ತು; ಪರೀಕ್ಷೆಯಲ್ಲಿ ಕೇಳಿದ್ದು ಅದನ್ನೇ. ಪರೀಕ್ಷೆಗೆ ತಯಾರಿ ಮಾಡಿಸುತ್ತಿದ್ದ ತರಗತಿಯ ಮೇಡಂ, "ಇನ್ನು ಅದನ್ನ ಮುಟ್ಲೇಬೇಡಿ" ಎಂದರು. ನಾನೂ ಜಾಣನ ಗತ್ತಿನಲ್ಲಿ ತಲೆಯಾಡಿಸಿದೆ.

"ಮುಟ್ಟದೆ ನಾನೂರು ಪುಟದೊಳಗೆ ಎಲ್ಲಿಂದ ನುಗ್ಗಲಿ? ದಾರಿ ಹೇಳಿದೋನು ಒಂದು ತಿರುವು ಮರೆತ ಅಂತ ವಾಪಸ್ ಬಂದ್ಬಿಡ್ಲಾ?" ಎಂದು ಅಕ್ಕ ಮತ್ತೆ ತೋಳು ಮಡಚಿದಳು.

ಅಂದಿನಿಂದ ಕ್ರಮ ಬದಲಾಯಿತು. ಮೊದಲು ಸಾರಾಂಶವನ್ನು ಎರಡು ಸಲ ಕೇಳುವುದು. ಆಮೇಲೆ ಒಂದೇ ಸಾಲು ಕಾಣುವಂತೆ ಸೀಳು ಕೊರೆದ ರಟ್ಟನ್ನು ಪುಟದ ಮೇಲೆ ಜಾರಿಸುತ್ತ, ಯಂತ್ರ ಬಿಟ್ಟದ್ದನ್ನೆಲ್ಲ ಕೆಂಪು ಪೆನ್ಸಿಲಿನಿಂದ ಗೀಚುವುದು. "ಇಲ್ಲೂ ನುಂಗಿದೆ! ಸಿಕ್ಕಿಬಿತ್ತು ಕಳ್ಳಮುಂಡೇದು!" ಎಂಬ ಅವಳ ವಿಜಯಘೋಷ ಬೀದಿಗೂ ಕೇಳುತ್ತಿತ್ತು. ಹೀಗೆ ಕಳ್ಳನನ್ನು ಹಿಡಿಯುವ ಹಟದಲ್ಲಿ ತಾನು ನಾನೂರು ಪುಟಗಳನ್ನೂ ಓದಿ ಮುಗಿಸಿದ್ದು ಅವಳಿಗೇ ತಿಳಿಯಲಿಲ್ಲ.

ಎರಡನೆಯ ಸಲವೂ ಪರೀಕ್ಷೆಯ ಕೋಣೆಯೊಳಗೆ ಮೊಬೈಲಿಗೆ ಪ್ರವೇಶವಿರಲಿಲ್ಲ. ರಟ್ಟನ್ನು ಮಾತ್ರ ಮೇಲ್ವಿಚಾರಕರು ಬೆಳಕಿಗೆ ಹಿಡಿದು, ಮೂಸಿಯೂ ನೋಡಿ ಮರಳಿಸಿದರಂತೆ. ಎಲ್ಲರೂ ಎದ್ದುಹೋದರೂ ಇವಳು ಕೊನೆಯ ಗಂಟೆ ಹೊಡೆಯುವವರೆಗೆ ಬರೆದಳು. ಪಾಸಾದಳು, ಬೇಕಾದದ್ದಕ್ಕಿಂತ ಎರಡೇ ಅಂಕ ಹೆಚ್ಚು.

ಈಗ ವಾರ್ಡಿನಲ್ಲಿ ಔಷಧಿಯ ತಟ್ಟೆ ಹಿಡಿದು ಪ್ರತಿ ಚೀಟಿಯನ್ನೂ ಎರಡೆರಡು ಸಲ ಓದುತ್ತಾಳೆ. ಡಾಕ್ಟರು ಸಿಡಿಮಿಡಿಗೊಂಡರೆ, "ಸ್ವಲ್ಪ ತಾಳಿ ಡಾಕ್ಟ್ರೇ, ಏನಾದ್ರೂ ಬಿಟ್ಟೋಗಿರತ್ತೆ" ಎನ್ನುತ್ತಾಳೆ. ಒಂದೆರಡು ಸಲ ಬಿಟ್ಟುಹೋಗಿಯೂ ಇತ್ತು.

ಓದು ಸಲೀಸಾಗಿ ಒಲಿದ ನನ್ನಂಥವರು ಪುಟವನ್ನು ನಂಬಿ ಜಾರುತ್ತ ಹೋಗುತ್ತೇವೆ, ಅರ್ಧ ಓದಿ ಪೂರ್ತಿ ತಿಳಿದವರಂತೆ ಮೀಸೆ ತಿರುವುತ್ತೇವೆ. ಅಕ್ಷರದೊಡನೆ ದಿನವೂ ಕುಸ್ತಿ ಹಿಡಿದವರು ಮಾತ್ರ ಒಂದೊಂದು ಸಾಲನ್ನೂ ನಿಲ್ಲಿಸಿ ಸಾಕ್ಷಿ ಕೇಳುತ್ತಾರೆ. ಅವರು ತಡವಾಗಿ ತಲುಪುತ್ತಾರೆ, ನಿಜ. ಆದರೆ ನಾನು ಕಾಯಿಲೆ ಬಿದ್ದ ದಿನ ನನ್ನ ಔಷಧಿಯ ಚೀಟಿ ಅಂಥವರೊಬ್ಬರ ಕೈಗೇ ಸಿಗಲಿ.